ಬಿಸಿಲಿಗೆ ಬೆದರದ ತೂಗುಬುಟ್ಟಿ

ತೂಗುಬುಟ್ಟಿಯೆಂದರೆ ಮಲೆನಾಡಿನ ಮನೆಗಳ ಸೊತ್ತೆಂಬ ಭಾವನೆ ಬಹು ಮಂದಿಯಲ್ಲಿದೆ. ಹನಿಯುವ ಸೂರಿನ ಕೆಳಗೆ ಜರೀಗಿಡದ ಗರಿಗಳು ಇಳಿಬಿದ್ದಿರುವ ಚಿತ್ರವೇ ಅವರ ಕಣ್ಣಿಗೆ ಕಟ್ಟುವುದು. ಅದೇ ಜರೀಗಿಡವನ್ನು ಕೋಲಾರ ತಾಲ್ಲೂಕಿನ ಹೋಳೂರಿಗೆ ತಂದು, ನೆರಳಿಲ್ಲದ ತಾರಸಿಯ ಅಂಚಿಗೆ ತೂಗುಹಾಕಿದರೆ ಯುಗಾದಿಯ ಹೊತ್ತಿಗೆ ಉಳಿಯುವುದು ಒಣಕಡ್ಡಿಯ ಕಂತೆ. ಹೂವಿನ ಆಸೆ ತಪ್ಪಲ್ಲ. ಊರಿನ ಬಿಸಿಲನ್ನು ಕೇಳದೆ ಗಿಡವನ್ನು ಆರಿಸಿದ್ದು ತಪ್ಪು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ನದಿಯ ಪಾತ್ರವಿದೆ, ನೀರು ಮಾತ್ರ ಮಳೆಯ ಕೃಪೆ. ವರ್ಷದ ಮಳೆ ಸುಮಾರು 700ರಿಂದ 750 ಮಿಲಿಮೀಟರು. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದ ಮೇಲೆ, 2018ರಲ್ಲಿ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಇಲ್ಲಿಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಆರಂಭವಾಯಿತು. ನೀರಿನ ಬೆಲೆಯನ್ನು ಹೀಗೆ ಬಲ್ಲ ನಾಡಿನಲ್ಲಿ, ಬರಿಯ ಅಂದಕ್ಕಾಗಿ ದಿನಕ್ಕೆರಡು ಬಾರಿ ಬಿಂದಿಗೆ ಬಗ್ಗಿಸಬೇಕಾದ ಗಿಡವನ್ನು ಯಾವ ಗೃಹಿಣಿಯೂ ಮನಸ್ಸೊಪ್ಪಿ ಸಾಕಲಾರಳು. ಆದುದರಿಂದ ಇಲ್ಲಿ ಬಣ್ಣದ ಪ್ರಶ್ನೆಗೆ ಮೊದಲು ನೀರಿನ ಪ್ರಶ್ನೆ.

ನೆಲದ ಗಿಡಕ್ಕೂ ತೂಗುವ ಗಿಡಕ್ಕೂ ಇರುವ ಭೇದವನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ. ನೆಲದಲ್ಲಿರುವ ಬೇರಿಗೆ ಬಿಸಿ ತಗಲುವುದು ಮೇಲಿನಿಂದ ಮಾತ್ರ. ಬುಟ್ಟಿಯ ಬೇರಿಗೆ ಸುತ್ತಲಿಂದಲೂ ಬಿಸಿಲು, ಸುತ್ತಲಿಂದಲೂ ಗಾಳಿ. ಒಂದು ಅಡಿ ಅಗಲದ ಅರ್ಧಗೋಳದ ಬುಟ್ಟಿ ಹಿಡಿಸುವ ಮಣ್ಣು ಸುಮಾರು ಏಳು ಲೀಟರಿನಷ್ಟೇ. ಅದರಲ್ಲಿ ನಿಲ್ಲುವ ನೀರು ಎಷ್ಟು ಹೊತ್ತಿಗೆ ಬಂದೀತು? ಬರಿಯ ಕೆಮ್ಮಣ್ಣನ್ನೇ ತುಂಬಿದರೆ ನೆನೆದಾಗ ಕೊಕ್ಕೆ ಕೀಳುವಷ್ಟು ಭಾರ, ಒಣಗಿದಾಗ ಇಟ್ಟಿಗೆ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವು ಮೂರನ್ನೂ ಸಮಭಾಗ ಬೆರೆಸುವುದು ಲೇಸು. ಕೆರೆಯ ಗೋಡು ಸಿಕ್ಕಿದರೆ ಎರಡು ಹಿಡಿ ಸೇರಿಸಬಹುದು. ತಂತಿಯ ಬುಟ್ಟಿಗೆ ನಾರಿನ ಹಾಸು ಹಾಕಿದ ಮೇಲೆ, ಒಳಮಗ್ಗುಲಿಗೆ ತಳದಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಹಾಳೆಯೊಂದನ್ನು ಇಟ್ಟರೆ ಪಕ್ಕದಿಂದ ಆರಿಹೋಗುವ ತೇವ ಬಹುಮಟ್ಟಿಗೆ ಉಳಿಯುತ್ತದೆ. ಕಪ್ಪು ಬಣ್ಣದ ಪ್ಲಾಸ್ಟಿಕ್ ಕುಂಡ ಮಾತ್ರ ಬೇಡ. ಮಧ್ಯಾಹ್ನದ ಹೊತ್ತಿಗೆ ಅದು ಬೇರನ್ನು ಬೇಯಿಸುವ ಪಾತ್ರೆಯಾಗುತ್ತದೆ.

ಇನ್ನು ಗಿಡಗಳು. ಮೊದಲ ಸ್ಥಾನ ಟೇಬಲ್ ರೋಸಿಗೆ ಸಲ್ಲಬೇಕು. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡಕ್ಕೆ ಬಿಸಿಲೇ ಜೀವ. ಮೋಡ ಕವಿದ ದಿನ ಹೂ ಬಿಚ್ಚಲೂ ಅದಕ್ಕೆ ಮನಸ್ಸಿಲ್ಲ. ಕೋಲಾರದ ಹೊಲಗಳ ಬದುಗಳಲ್ಲಿ ತಾನೇ ತಾನಾಗಿ ಬೆಳೆಯುವ ಗೋಣಿಸೊಪ್ಪು ಇದರ ಹತ್ತಿರದ ನಂಟ. ತೆಲುಗು ಮನೆಮಾತಿನವರು ಗಂಗಪಾಯಲವೆಂದು ಕರೆದು ಪಪ್ಪಿಗೆ ಹಾಕುವುದೂ, ಕನ್ನಡದ ಅಜ್ಜಿಯರು ಮಸ್ಸೊಪ್ಪಿಗೆ ಬೆರೆಸಿ ರಾಗಿಮುದ್ದೆಯೊಡನೆ ಬಡಿಸುವುದೂ ಇದನ್ನೇ. ಸಸಿಮಾರಾಟದ ಅಂಗಡಿಗಳಲ್ಲಿ ದೊಡ್ಡ ಹೂವಿನ ಗೋಣಿಸೊಪ್ಪನ್ನು ತೂಗುಕುಂಡದಲ್ಲಿ ಕಂಡು ಹಳ್ಳಿಯ ಹಿರಿಯರು ನಕ್ಕರೆ ಅದು ಸಹಜವೇ. ಈ ಕುಲದ ಗಿಡಗಳಲ್ಲಿ ಒಂದು ವಿಶೇಷವಿದೆ. ನೀರು ಸಾಲದಾದಾಗ ಇವು ಎಲೆಯ ಸೂಕ್ಷ್ಮರಂಧ್ರಗಳನ್ನು ಹಗಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ಇಂಗಾಲಾಮ್ಲವನ್ನು ಹೀರಿ ಕೂಡಿಟ್ಟುಕೊಳ್ಳಬಲ್ಲವು. ಹಗಲಿನ ಬಿಸಿಗೆ ತೇವ ಆರಿಹೋಗದಿರುವ ಗುಟ್ಟು ಇದೇ. ಎರಡು ಅಂಗುಲದ ತುಂಡನ್ನು ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ನೆರೆಮನೆಯಿಂದ ಒಂದು ಹಿಡಿ ತುಂಡು ತಂದವರಿಗೆ ಗಿಡದ ಖರ್ಚೇ ಇಲ್ಲ.

ಎರಡನೆಯದು ಕಾಶಿಕಣಗಿಲೆ, ಅಥವಾ ನಿತ್ಯಪುಷ್ಪ. ಮಡಗಾಸ್ಕರ್ ದ್ವೀಪದ ಈ ಗಿಡದಿಂದಲೇ ರಕ್ತದ ಕ್ಯಾನ್ಸರಿನ ಚಿಕಿತ್ಸೆಗೆ ಬಳಸುವ ವಿನ್‌ಕ್ರಿಸ್ಟೀನ್ ಔಷಧಿ ದೊರೆಯುತ್ತದೆ. ಆದರೆ ಗಿಡ ವಿಷಯುಕ್ತವಾದುದರಿಂದ ಮಕ್ಕಳ ಕೈಗೆಟುಕದಂತಿರಲಿ. ಬುಟ್ಟಿಗೆ ನೇರವಾಗಿ ನಿಲ್ಲುವ ಜಾತಿಗಿಂತ ಹರಡಿ ಇಳಿಯುವ ಜಾತಿ ಒಪ್ಪುತ್ತದೆ. ಇದು ಸಾಯುವುದು ಸಾಮಾನ್ಯವಾಗಿ ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ ಬೇರು ಕೊಳೆತು. ಕಾಗದದ ಹೂವಿನ ಕುಳ್ಳಜಾತಿಯೂ ತೂಗುತ್ತದೆ, ಸ್ವಲ್ಪ ಒಣಗಿಸಿ ಇಟ್ಟಷ್ಟೂ ಹೂ ಹೆಚ್ಚು. ಮುಳ್ಳಿರುವುದರಿಂದ ತಲೆಗೆ ತಾಗದ ಎತ್ತರ ಬೇಕು. ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಡಣ ದಿಕ್ಕಿನ ಬುಟ್ಟಿಗೆ ದೊಡ್ಡಪತ್ರೆ ಸಾಕು. ಮಗುವಿಗೆ ಶೀತವಾದಾಗಲೂ ಬಜ್ಜಿಯ ಮನಸ್ಸಾದಾಗಲೂ ಕೈಚಾಚಿದರೆ ಎಲೆ.

ಪೆಟೂನಿಯಾದ ವಿಚಾರದಲ್ಲಿ ಎಚ್ಚರಿಕೆ ಅಗತ್ಯ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅದರ ಸೊಬಗಿಗೆ ಮರುಳಾಗಿ ಮನೆಗೆ ತರುತ್ತಾರೆ. ಅದು ಚಳಿಗಾಲದ ಅತಿಥಿ. ಬೇಸಗೆ ಬಲಿತಂತೆ ಸೊರಗಿದರೆ ಸಾಕಿದವರ ಕೈಗುಣವನ್ನು ದೂರುವುದು ಅನ್ಯಾಯ.

ನೀರೆರೆಯುವುದು ಬೆಳಗಿನ ಹೊತ್ತಿನಲ್ಲಿ. ಕೈಯಿಂದ ಬುಟ್ಟಿಯನ್ನು ಕೊಂಚ ಎತ್ತಿ ನೋಡಿ, ಹಗುರವಾಗಿದ್ದರೆ ಮಾತ್ರ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಸಲ್ಲುತ್ತದೆ. ಸೋಪು ಬೆರೆತುದು ಬೇಡ. ಮನೆಯ ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಸುರಿಯುವ ರೂಢಿ ಈಗ ಬೆಳೆದಿದೆ. ಉಳಿತಾಯದ ಬುದ್ಧಿ ಮೆಚ್ಚತಕ್ಕದ್ದೇ. ಆದರೆ ಕೊಳವೆಬಾವಿಯ ಲವಣಗಳೆಲ್ಲ ಅದರಲ್ಲಿ ಮಡುಗಟ್ಟಿರುತ್ತವೆ. ಏಳು ಲೀಟರಿನ ಮಣ್ಣಿನಲ್ಲಿ ಅವು ಹೋಗಲು ದಾರಿಯಿಲ್ಲದೆ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತವೆ, ಎಲೆಯಂಚು ಸುಡುತ್ತದೆ. ಆ ನೀರು ನೆಲ ಒರಸಲು ಸಾಕು. ಒಂದೆರಡು ದಿನ ಊರಿಗೆ ಹೋಗಿ ಬಂದಾಗ ನಾರಿನ ಪುಡಿ ಪೂರ್ತಿ ಒಣಗಿದ್ದರೆ ಮೇಲಿನಿಂದ ಎರೆದ ನೀರು ಇಂಗದೆ ಪಕ್ಕದಿಂದ ಜಾರಿಹೋಗುತ್ತದೆ. ಆಗ ಬುಟ್ಟಿಯನ್ನು ಇಳಿಸಿ, ಬಕೆಟ್ಟಿನ ನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡಬೇಕು. ಉಳಿದ ನೀರು ಮುಂದಿನ ಬುಟ್ಟಿಗೆ.

ಆಷಾಢದ ಗಾಳಿ ಏಳುವ ಮೊದಲು ಸರಪಣಿಯನ್ನು ಗಿಡ್ಡ ಮಾಡಿ ಗೋಡೆಯ ಮಗ್ಗುಲಿಗೆ ಸರಿಸುವುದೊಳ್ಳೆಯದು. ಮೊದಲ ಜೋರುಮಳೆ ಬಂದ ದಿನ ಬುಟ್ಟಿಗಳನ್ನೆಲ್ಲ ಬಯಲಿಗಿಟ್ಟರೆ ಬೇಸಗೆಯಿಡೀ ಕೂಡಿದ ಉಪ್ಪು ತೊಳೆದುಹೋಗುತ್ತದೆ. ಅದಾದ ವಾರಕ್ಕೆ ನೆನೆಸಿದ ಹೊಂಗೆ ಹಿಂಡಿಯ ತಿಳಿಯನ್ನು ಒಂದೊಂದು ಲೋಟ ಹಾಕಬಹುದು.