ಓಲ್ಡ್ ಸೇರಮ್

ಓಲ್ಡ್ ಸೇರಮ್ ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯಲ್ಲಿ, ಇಂದಿನ ಸಾಲ್ಸ್‌ಬರಿ ನಗರದಿಂದ ಸುಮಾರು 3 ಕಿ.ಮೀ. ಉತ್ತರಕ್ಕಿರುವ ಪಾಳುಬಿದ್ದ ಗಿರಿದುರ್ಗ. ಏವನ್ ನದಿಯ ಕಣಿವೆಯ ಅಂಚಿನಲ್ಲಿ ಎದ್ದಿರುವ ಸೀಮೆಸುಣ್ಣದ ಗುಡ್ಡವೊಂದರ ನೆತ್ತಿಯ ಮೇಲೆ ಇದು ನೆಲೆಗೊಂಡಿದೆ. ಕಬ್ಬಿಣ ಯುಗದ ಮಣ್ಣಿನ ಕೋಟೆಯಾಗಿ ಆರಂಭವಾದ ಈ ಸ್ಥಳವು ನಾರ್ಮನ್ನರ ಕಾಲದಲ್ಲಿ ಅರಸರ ಕೋಟೆಯನ್ನೂ ಬಿಷಪ್ಪರ ಪ್ರಧಾನ ಚರ್ಚನ್ನೂ ಒಳಗೊಂಡ ಪಟ್ಟಣವಾಗಿ ಬೆಳೆದು, 13ನೆಯ ಶತಮಾನದಿಂದ ಕ್ರಮೇಣ ನಿರ್ಜನವಾಯಿತು. ಈಗಿನ ಸಾಲ್ಸ್‌ಬರಿಯು ಇದರ ಉತ್ತರಾಧಿಕಾರಿ ನಗರವಾಗಿದೆ.

ಪ್ರಾಗಿತಿಹಾಸ ಕಾಲ

ಈ ಗುಡ್ಡದ ಪರಿಸರದಲ್ಲಿ ನವಶಿಲಾಯುಗದ ಕಾಲದಿಂದಲೂ ಮಾನವರ ಸಂಚಾರವಿದ್ದುದಕ್ಕೆ ಕುರುಹುಗಳು ದೊರೆತಿವೆ. ಕ್ರಿ.ಪೂ. 400ರ ಸುಮಾರಿಗೆ ಇಲ್ಲಿ ಗಿರಿದುರ್ಗ ನಿರ್ಮಾಣವಾಯಿತು. ಆಳವಾದ ಕಂದಕವನ್ನು ತೋಡಿ, ಅಗೆದ ಮಣ್ಣನ್ನು ಒಳಬದಿಗೆ ಏರಿಯಾಗಿ ಪೇರಿಸುವುದು ಆ ಕಾಲದ ಕ್ರಮವಾಗಿತ್ತು. ಅಂಡಾಕಾರದ ಈ ಕೋಟೆ ಸುಮಾರು 400 ಮೀಟರ್ ಉದ್ದ ಮತ್ತು 360 ಮೀಟರ್ ಅಗಲವಿದೆ.

ರೋಮನ್ ಮತ್ತು ಸ್ಯಾಕ್ಸನ್ ಕಾಲ

ಕ್ರಿ.ಶ. 43ರಲ್ಲಿ ರೋಮನ್ನರು ಬ್ರಿಟನ್ನಿನ ಮೇಲೆ ದಂಡೆತ್ತಿ ಬಂದ ಬಳಿಕ ವಿಂಚೆಸ್ಟರ್, ಸಿಲ್ಚೆಸ್ಟರ್ ಹಾಗೂ ಡಾರ್ಚೆಸ್ಟರ್ ಕಡೆಯ ಹೆದ್ದಾರಿಗಳು ಈ ಗುಡ್ಡದ ಬಳಿ ಸಂಧಿಸುವಂತಾದವು. ರೋಮನ್ನರು ಈ ಸ್ಥಳವನ್ನು ಸೋರ್ವಿಯೊಡೂನಮ್ ಎಂದು ಕರೆದರು. ಅವರ ಕಾಲದ ವಸತಿಯು ಕೋಟೆಯ ಹೊರಗೂ ಹಬ್ಬಿತ್ತು.

ಸ್ಯಾಕ್ಸನ್ ಅರಸ ಸಿನ್ರಿಕನು ಕ್ರಿ.ಶ. 552ರಲ್ಲಿ ಇಲ್ಲಿ ಬ್ರಿಟನ್ನರನ್ನು ಸೋಲಿಸಿದನೆಂದು 'ಆಂಗ್ಲೊ-ಸ್ಯಾಕ್ಸನ್ ಕ್ರಾನಿಕಲ್' ದಾಖಲಿಸುತ್ತದೆ. 1003ರಲ್ಲಿ ಡೇನರ ಅರಸ ಸ್ವೇನ್ ಸಮೀಪದ ವಿಲ್ಟನ್ ಪಟ್ಟಣವನ್ನು ಸುಟ್ಟಾಗ ಅಲ್ಲಿನ ಟಂಕಸಾಲೆಯ ನಾಣ್ಯಕಾರರು ಈ ಗುಡ್ಡಕ್ಕೆ ಬಂದು ನೆಲೆಸಿದರು. ಪುರಾತನ ಏರಿಗಳು ಒಂದೂವರೆ ಸಹಸ್ರಮಾನದ ನಂತರವೂ ರಕ್ಷಣೆ ನೀಡಬಲ್ಲವಾಗಿದ್ದವೆಂಬುದು ಇದರಿಂದ ತಿಳಿದುಬರುತ್ತದೆ.

ನಾರ್ಮನ್ ಕೋಟೆ ಮತ್ತು ಚರ್ಚು

1066ರಲ್ಲಿ ಇಂಗ್ಲೆಂಡನ್ನು ಗೆದ್ದ ಒಂದನೆಯ ವಿಲಿಯಮ್, ಹಳೆಯ ಕೋಟೆಯ ನಡುವೆ ಇನ್ನೊಂದು ಸುತ್ತಿನ ಕಂದಕ ಹಾಗೂ ದಿಬ್ಬವನ್ನು ರಚಿಸಿ ತನ್ನ ದುರ್ಗವನ್ನು ಕಟ್ಟಿಸಿದನು. ಹೀಗೆ ಕೋಟೆಯೊಳಗೊಂದು ಕೋಟೆ ಏರ್ಪಟ್ಟಿತು. 1086ರ ಆಗಸ್ಟ್ 1ರಂದು ರಾಜ್ಯದ ಪ್ರಮುಖ ಭೂಹಿಡುವಳಿದಾರರು ಇಲ್ಲಿ ಸೇರಿ, ತಮ್ಮ ನೇರ ಒಡೆಯರು ಯಾರೇ ಆಗಿದ್ದರೂ ಅರಸನಿಗೆ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಿದರು.

1075ರಲ್ಲಿ ಬಿಷಪ್ಪರ ಪೀಠವನ್ನು ಶೆರ್ಬರ್ನ್‌ನಿಂದ ಇಲ್ಲಿಗೆ ವರ್ಗಾಯಿಸಲು ನಿರ್ಧರಿಸಲಾಯಿತು. ಬಿಷಪ್ ಆಸ್ಮಂಡ್ ಪೂರ್ಣಗೊಳಿಸಿದ ಪ್ರಧಾನ ಚರ್ಚು 1092ರ ಏಪ್ರಿಲ್ 5ರಂದು ಪ್ರತಿಷ್ಠಾಪಿತವಾಯಿತು. ಕೆಲವೇ ದಿನಗಳಲ್ಲಿ ಬಿರುಗಾಳಿಗೆ ಸಿಲುಕಿ ಹಾನಿಗೊಂಡಿತು. ಒಂದನೆಯ ಹೆನ್ರಿಯ ಪ್ರಭಾವಶಾಲಿ ಸಚಿವನಾಗಿದ್ದ ಬಿಷಪ್ ರೋಜರ್ ಚರ್ಚನ್ನು ವಿಸ್ತರಿಸಿ, ದುರ್ಗದೊಳಗೆ ಕಲ್ಲಿನ ಅರಮನೆಯನ್ನೂ ಕಟ್ಟಿಸಿದನು. 1139ರಲ್ಲಿ ಅರಸ ಸ್ಟೀಫನ್ ಅವನನ್ನು ಬಂಧಿಸಿದ ಮೇಲೆ ದುರ್ಗವು ಮರಳಿ ಅರಸರ ವಶವಾಯಿತು. ಎರಡನೆಯ ಹೆನ್ರಿಯು ತನ್ನ ವಿರುದ್ಧ ಮಕ್ಕಳಿಗೆ ನೆರವಾದ ರಾಣಿ ಎಲಿನರಳನ್ನು ಸೆರೆಯಲ್ಲಿಟ್ಟ ಸ್ಥಳಗಳಲ್ಲಿ ಇದೂ ಒಂದು.

ಅವನತಿ

ಒಂದೇ ಏರಿಯೊಳಗೆ ಸೈನಿಕರೂ ಪಾದ್ರಿಗಳೂ ಬಾಳುವುದು ಕಷ್ಟವಾಯಿತು. ನೀರಿನ ಅಭಾವ, ಪ್ರಾರ್ಥನೆಯೂ ಕೇಳದಂತೆ ಬೀಸುವ ಗಾಳಿ, ಬಿಳಿ ಸುಣ್ಣದ ನೆಲದಿಂದ ಕಣ್ಣಿಗೆ ರಾಚುವ ಬೆಳಕು, ಕಾವಲು ಪಡೆಯ ಕಿರುಕುಳ ಇವು ಪಾದ್ರಿಗಳ ಮುಖ್ಯ ದೂರುಗಳಾಗಿದ್ದವು. ರಕ್ಷಣೆಗೆ ಅನುಕೂಲವೆನಿಸಿದ್ದ ಎತ್ತರವೇ ನಾಗರಿಕ ಜೀವನಕ್ಕೆ ತೊಡಕಾಯಿತು. ಬಿಷಪ್ ರಿಚರ್ಡ್ ಪೂರ್ ಪೋಪ್ ಮೂರನೆಯ ಹೊನೋರಿಯಸರ ಅನುಮತಿ ಪಡೆದು, 1220ರ ಏಪ್ರಿಲ್ 28ರಂದು ನದೀತೀರದ ಬಯಲಿನಲ್ಲಿ ಹೊಸ ಚರ್ಚಿಗೆ ಅಡಿಗಲ್ಲು ಹಾಕಿದನು. ಅದರ ಸುತ್ತಲೇ ಇಂದಿನ ಸಾಲ್ಸ್‌ಬರಿ ನಗರ ಬೆಳೆಯಿತು. ಬೆಟ್ಟದ ಚರ್ಚನ್ನು ಕೆಡವಿ ಅದರ ಕಲ್ಲುಗಳನ್ನು ಹೊಸ ನಗರದ ಕಟ್ಟಡಗಳಿಗೆ ಬಳಸಲಾಯಿತು. 14ನೆಯ ಶತಮಾನದಲ್ಲಿ ದುರ್ಗವೂ ಮಹತ್ವ ಕಳೆದುಕೊಂಡಿತು. 1514ರಲ್ಲಿ ಎಂಟನೆಯ ಹೆನ್ರಿ ಅದರ ಕಲ್ಲುಗಳನ್ನು ಸಾಗಿಸಲು ಅನುಮತಿಯಿತ್ತನು.

ನಂತರದ ಕಾಲ

ಜನವಸತಿ ಅಳಿದರೂ ಓಲ್ಡ್ ಸೇರಮ್‌ಗೆ ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳುಹಿಸುವ ಹಕ್ಕು ಉಳಿದಿತ್ತು. ಇಲ್ಲಿನ ಭೂಮಿಯನ್ನು ಕೊಂಡವರಿಗೆ ಈ ಸ್ಥಾನಗಳೂ ದಕ್ಕುತ್ತಿದ್ದವು. ಭಾರತದ ವ್ಯಾಪಾರದಲ್ಲಿ ಧನಿಕನಾಗಿ, 1698ರಿಂದ 1709ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದ ಥಾಮಸ್ ಪಿಟ್ ಇದನ್ನು ಖರೀದಿಸಿದ್ದನು. ಅವನ ಮೊಮ್ಮಗ, ಮುಂದೆ ಪ್ರಧಾನಿಯಾದ ವಿಲಿಯಮ್ ಪಿಟ್, 1735ರಲ್ಲಿ ಇಲ್ಲಿಂದಲೇ ಸಂಸತ್ತನ್ನು ಪ್ರವೇಶಿಸಿದನು. 1832ರ ಸುಧಾರಣಾ ಕಾಯಿದೆಯು ಈ ಕ್ಷೇತ್ರವನ್ನು ರದ್ದುಗೊಳಿಸಿತು.

1909ರಿಂದ 1915ರವರೆಗೆ ವಿಲಿಯಮ್ ಸೇಂಟ್ ಜಾನ್ ಹೋಪ್ ಮತ್ತು ವಿಲಿಯಮ್ ಹಾಲಿ ಇಲ್ಲಿ ಉತ್ಖನನ ನಡೆಸಿ ದುರ್ಗ ಹಾಗೂ ಚರ್ಚಿನ ತಳಪಾಯಗಳನ್ನು ಬಯಲಿಗೆ ತಂದರು. 2014ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡವು ನೆಲವನ್ನು ಅಗೆಯದೆ ನಡೆಸಿದ ಭೂಭೌತ ಸಮೀಕ್ಷೆಯಿಂದ ಮಧ್ಯಯುಗದ ಪಟ್ಟಣದ ವಿನ್ಯಾಸ ತಿಳಿದುಬಂದಿತು. ಸ್ಮಾರಕವು ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ನಿರ್ವಹಣೆಯಲ್ಲಿದೆ.