ಲಂಟಾನ ಕಿತ್ತರೆ ಸಾಲದು, ಹುಲ್ಲು ಮರಳಬೇಕು

ಮಳೆಗಾಲದಲ್ಲಿ ಬಂಡೀಪುರದ ಹಾದಿ ಹಿಡಿದವರಿಗೆ ಕಾಡು ಸೊಂಪಾಗಿ ಕಾಣುತ್ತದೆ. ರಸ್ತೆಯಂಚಿನಾಚೆ ಎದೆಮಟ್ಟದ ದಟ್ಟ ಹಸಿರು, ನಡುನಡುವೆ ಕೆಂಪು, ಹಳದಿ, ಗುಲಾಬಿ ಬಣ್ಣದ ಹೂಗೊಂಚಲು. ‘ಎಷ್ಟು ಚೆಂದದ ಕಾಡು’ ಎಂದು ನಾವು ಮೆಚ್ಚಿಕೊಂಡು ಮುಂದೆ ಸಾಗುತ್ತೇವೆ. ಅಲ್ಲಿನ ಜಿಂಕೆಗೋ ಕಾಟಿಗೋ ಮಾತು ಬರುವಂತಿದ್ದರೆ ಬೇರೆಯದೇ ಹೇಳುತ್ತಿದ್ದವು. ಆ ಹಸಿರಿನಲ್ಲಿ ಅವಕ್ಕೆ ತಿನ್ನಲು ಹೆಚ್ಚೇನೂ ಇಲ್ಲ. ಅದು ಲಂಟಾನ. ಅದನ್ನು ಹೊಟ್ಟೆತುಂಬ ಮೇಯ್ದ ದನಕ್ಕೆ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಒಡ್ಡಿದ ಚರ್ಮ ಹುಣ್ಣಾಗುತ್ತದೆ.

ಉಷ್ಣವಲಯದ ಅಮೆರಿಕದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ತೋಟದ ಬೇಲಿ ದಾಟಿದ ಅದು ಮತ್ತೆ ಹಿಂದಿರುಗಿ ನೋಡಲಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಅದರ ಹಿಡಿತದಲ್ಲಿದೆ. ಹುಲಿ ಓಡಾಡುವ ನೆಲದ ಶೇಕಡ 40ರಷ್ಟು ಭಾಗಕ್ಕೆ ಅದು ಕಾಲಿಟ್ಟಿದೆ.

ಬಿಳಿಗಿರಿರಂಗನ ಬೆಟ್ಟದ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿ ವಿಜ್ಞಾನಿಗಳು ಗುರುತುಹಾಕಿಕೊಂಡ ತುಣುಕು ಜಾಗಗಳ ಪೈಕಿ 1997ರಲ್ಲಿ ಶೇಕಡ 41ರಲ್ಲಿ ಲಂಟಾನ ಇತ್ತು. 2008ಕ್ಕೆ ಅದು ಶೇಕಡ 81. ಹನ್ನೊಂದೇ ವರ್ಷದಲ್ಲಿ ದುಪ್ಪಟ್ಟು!

ಇಂಥ ಕಾಡು ಬರಿಯ ಮರಗಳ ಕಾಡಲ್ಲ. ಎಲೆಯುದುರುವ ಮರಗಳು ದೂರ ದೂರ ನಿಂತು, ಅವುಗಳ ಅಡಿಯಲ್ಲಿ ಮಂಡಿಯೆತ್ತರ, ಸೊಂಟದೆತ್ತರ ಹುಲ್ಲು ಬೆಳೆಯುವ ನೆಲ ಅದು. ಹುಲ್ಲಿದ್ದರೆ ಜಿಂಕೆ, ಕಾಟಿ, ಅವಿದ್ದರೆ ಹುಲಿ. ಆನೆಗೂ ಹುಲ್ಲು ಮುಖ್ಯ ಮೇವು. ಲಂಟಾನದ ಮಟ್ಟಿ ಬೆಳಕನ್ನು ತಡೆದು ಈ ಹುಲ್ಲನ್ನು ಉಸಿರುಗಟ್ಟಿಸುತ್ತದೆ. ಕಾಡಿನೊಳಗೆ ಮೇವು ಕಡಿಮೆಯಾದಷ್ಟೂ ಕಾಡಂಚಿನ ರೈತನ ರಾಗಿ, ಜೋಳದ ಹೊಲಕ್ಕೆ ಅಪಾಯ ಹೆಚ್ಚು. ಬೇಸಿಗೆಯಲ್ಲಿ ಒಣಗಿ ನಿಂತ ಮಟ್ಟಿ ಬೆಂಕಿಗೆ ಒಳ್ಳೆಯ ಸೌದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಅದರ ರುಚಿ ನಾಡಿಗೆಲ್ಲ ತಿಳಿಯಿತು.

<b>ಕಡಿದಷ್ಟೂ ಚಿಗುರು</b>

ಹಾಗಾದರೆ ಕಡಿದು ಬಿಸಾಡಬಹುದಲ್ಲ? ಕಡಿದದ್ದೂ ಆಗಿದೆ, ಸುಟ್ಟದ್ದೂ ಆಗಿದೆ. ನೆಲಮಟ್ಟಕ್ಕೆ ಸವರಿದರೆ ಬುಡದಿಂದ ಒಂದರ ಜಾಗದಲ್ಲಿ ಹತ್ತು ಚಿಗುರು ಏಳುತ್ತವೆ.

ಇದಕ್ಕೊಂದು ಸರಳ ಉಪಾಯ ಕಂಡುಕೊಂಡವರು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು. ಚಿಗುರುವ ಮೊಗ್ಗುಗಳೆಲ್ಲ ಇರುವುದು ಕಾಂಡ ಮತ್ತು ಬೇರು ಕೂಡುವ ಜಾಗದಲ್ಲಿ. ಆದ್ದರಿಂದ ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಗುದ್ದಲಿಯೇಟು ಹಾಕಿ ತಾಯಿಬೇರನ್ನು ತುಂಡರಿಸಬೇಕು. ಕಿತ್ತ ಪೊದೆಯನ್ನು ತಲೆಕೆಳಗಾಗಿ ಇಟ್ಟು ಒಣಗಿಸಬೇಕು, ಇಲ್ಲದಿದ್ದರೆ ಬಿದ್ದಲ್ಲೇ ಬೇರು ಬಿಟ್ಟೀತು. ಔಷಧಿ ಬೇಡ, ದೊಡ್ಡ ಯಂತ್ರ ಬೇಡ, ಮಣ್ಣೂ ಹೆಚ್ಚು ಕದಡುವುದಿಲ್ಲ. ಕಾರ್ಬೆಟ್ ಹುಲಿಧಾಮದಲ್ಲಿ ಈ ವಿಧಾನವನ್ನು ಪ್ರಯೋಗಿಸಿದ ವಿವರಗಳನ್ನು ಅವರು 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಲಂಟಾನದ ಕಡ್ಡಿಗೆ ಬೆಲೆ ತಂದವರೂ ಇದ್ದಾರೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಹೆಣೆಯುವುದನ್ನು ಕಲಿತರು. ನೀಲಗಿರಿಯ ಬುಡಕಟ್ಟಿನವರು ಲಂಟಾನದಲ್ಲಿ ಹೆಣೆದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಹೊಟ್ಟೆಪಾಡಿಗೆ ಇದು ಒಳ್ಳೆಯ ದಾರಿಯೇ. ಆದರೆ ಕುರ್ಚಿಗೆ ಬೇಕಾದದ್ದು ಕಡ್ಡಿ, ಬೇರಲ್ಲ. ಕಡ್ಡಿ ಕೊಯ್ದ ಬುಡ ಮತ್ತೆ ಚಿಗುರುತ್ತದೆ.

<b>ಬರಿದಾದ ನೆಲ ಯಾರದ್ದು?</b>

ಬುಡಸಮೇತ ಕಿತ್ತರೂ ಕೆಲಸ ಮುಗಿಯಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ಶುರು. ಬಿಸಿಲು ಬಿದ್ದ ಬರಿನೆಲ ಬಹುಕಾಲ ಖಾಲಿ ಇರುವುದಿಲ್ಲ. ಮಣ್ಣಿನಲ್ಲಿ ಮಲಗಿದ್ದ ಲಂಟಾನದ ಬೀಜಗಳು ಮೊದಲ ಮಳೆಗೆ ಏಳುತ್ತವೆ. ಹಣ್ಣು ತಿಂದ ಪಿಕಳಾರ, ಗೊರವಂಕಗಳು ಮರದ ಮೇಲೆ ಕೂತು ಹೊಸ ಬೀಜ ಉದುರಿಸುತ್ತವೆ. ಅವುಗಳ ಜೊತೆಗೆ ಕಮ್ಯುನಿಸ್ಟ್ ಗಿಡ, ಕಾಂಗ್ರೆಸ್ ಗಿಡ. ಈಚಿನ ವರ್ಷಗಳಲ್ಲಿ ಬಂಡೀಪುರ, ಮುದುಮಲೆ, ವಯನಾಡುಗಳಿಗೆ ಹಳದಿ ಹೂವಿನ ಸೆನ್ನಾ ಮರವೂ ನುಗ್ಗಿದೆ. ಒಬ್ಬ ಒಕ್ಕಲನ್ನು ಎಬ್ಬಿಸಿ ಇನ್ನೊಬ್ಬನಿಗೆ ಬಾಗಿಲು ತೆರೆದಂತೆ!

ಈ ಬಾಗಿಲು ಮುಚ್ಚಬಲ್ಲದ್ದು ಹುಲ್ಲು ಮಾತ್ರ. ಅದರ ಬೇರು ಹೆಣೆದುಕೊಂಡು ನೆಲ ಮುಚ್ಚಿದರೆ ಕಳೆಯ ಸಸಿಗೆ ಬೆಳಕೂ ಸಿಗದು, ಜಾಗವೂ ಸಿಗದು. ಪಕ್ಕದಲ್ಲೇ ಹುಲ್ಲು ಉಳಿದಿದ್ದರೆ ಅದು ತಾನಾಗಿ ಹಬ್ಬೀತು. ದಶಕಗಳ ಕಾಲ ಲಂಟಾನ ಕವಿದ ಕಡೆ ಹುಲ್ಲಿನ ಬೀಜವೇ ಇರುವುದಿಲ್ಲ. ಅಲ್ಲಿ ಮನುಷ್ಯನ ಕೈ ಬೇಕು. ಅದೇ ಕಾಡಿನ ಬಯಲಿನಲ್ಲಿ ತೆನೆ ಬಲಿತಾಗ ಬೀಜ ಕೂಡಿಸಿ ಮಳೆಗೆ ಮುಂಚೆ ಬಿತ್ತಬೇಕು, ಇಲ್ಲವೇ ಬುಡ ಸೀಳಿ ನಾಟಿ ಮಾಡಬೇಕು. ಒಂದೇ ಜಾತಿ ಸಾಲದು. ಬೇಗ ಹರಡುವ ಗರಿಕೆಯಂಥದ್ದೂ ಬೇಕು, ಎತ್ತರಕ್ಕೆ ಬೆಳೆಯುವ ಥೀಮೆಡಾದಂಥದ್ದೂ ಬೇಕು. ಎಳೆ ಹುಲ್ಲು ಬೇರೂರುವ ತನಕ ಮೇಯದಂತೆ ಕಾಯಬೇಕು. ಹಕ್ಕಿ ಕೂರುವ ಮರಗಳ ಕೆಳಗೆ, ನೀರು ಹರಿಯುವ ಜಾಡಿನಲ್ಲಿ ಲಂಟಾನದ ಸಸಿಗಳನ್ನು ಎರಡು ಮೂರು ಮಳೆಗಾಲ ಬಿಡದೆ ಹುಡುಕಿ ಕೀಳಬೇಕು.

ಇಂಥ ಹುಡುಕಾಟಕ್ಕೆ ನೆಲದ ಪರಿಚಯ ಇರುವವರು ಬೇಕು. ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ಒಣ ಎಲೆಗೆ ‘ತರಗು ಬೆಂಕಿ’ ಹಾಕುತ್ತಿದ್ದರು. ಸಣ್ಣಗೆ, ಬೇಗ ಹರಿದುಹೋಗುವ ಆ ಬೆಂಕಿ ಮರಗಳನ್ನು ಸುಡದೆ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು, ಹುಲ್ಲಿಗೆ ಜಾಗ ಬಿಡುತ್ತಿತ್ತು ಎನ್ನುತ್ತಾರೆ ಅವರ ಹಿರಿಯರು. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ಅವರ ವಾದ. ಈಗ ಮಟ್ಟಿ ಬೆಳೆದು ನಿಂತಲ್ಲಿ ಹಾಗೆ ಬೆಂಕಿಯಿಟ್ಟರೆ ಅದು ಸಣ್ಣ ಬೆಂಕಿಯಾಗಿ ಉಳಿಯುವುದಿಲ್ಲ; ಮೇಲೇರಿ ಮರವನ್ನೂ ಸುಡುತ್ತದೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲು ಕೀಳಬೇಕು, ಹುಲ್ಲು ಎಬ್ಬಿಸಬೇಕು. ತರಗು ಬೆಂಕಿಯ ಮಾತು ಆಮೇಲಿನದು.

ಕಿತ್ತ ಜಾಗವನ್ನು ಅಳೆಯುವುದು, ಬಿಲ್ಲು ಬರೆಯುವುದು ಸುಲಭ. ನಾಲ್ಕಾರು ದಿನದಲ್ಲಿ ಬಯಲು ಕಾಣುತ್ತದೆ, ಫೋಟೊವೂ ಚೆನ್ನಾಗಿ ಬರುತ್ತದೆ. ಹುಲ್ಲು ಬೆಳೆಸುವುದು ನಿಧಾನದ ಕೆಲಸ. ಒಂದು ಆರ್ಥಿಕ ವರ್ಷದ ಲೆಕ್ಕಕ್ಕೆ ಒಗ್ಗುವುದಿಲ್ಲ. ಹುಲ್ಲಿಗೆ ಹಣ, ಆಳು ಎತ್ತಿಡದೆ ನೂರು ಹೆಕ್ಟೇರ್ ಕೀಳುವುದಕ್ಕಿಂತ, ಕಾದು ನೋಡಿಕೊಳ್ಳಬಲ್ಲ ಹತ್ತೇ ಹೆಕ್ಟೇರ್ ಕೀಳುವುದು ಲೇಸು. ಆದ್ದರಿಂದ ಈ ವರ್ಷ ಎಷ್ಟು ಕಿತ್ತಿರಿ ಎಂಬ ಪ್ರಶ್ನೆ ಸಾಲದು. ಮೂರು ವರ್ಷದ ಹಿಂದೆ ಕಿತ್ತ ಜಾಗದಲ್ಲಿ ಈಗ ಏನು ಬೆಳೆದಿದೆ ಎಂದು ಕೇಳಬೇಕು.