ಬೀಳುವ ಮುನ್ನವೇ ಮಾಡಬೇಕಾದ ಲೆಕ್ಕ

ಎಂಜಿನಿಯರುಗಳಿಗೆ ಸುರಕ್ಷತೆಯನ್ನು ಒಂದು ಶಾಸ್ತ್ರವೆಂದೇ ಕಲಿಸುತ್ತ ಬಂದಿರುವ ಸಂಸ್ಥೆಗಳಲ್ಲಿ ಮುಂಬಯಿಯ ಸಯನ್‌ನಲ್ಲಿರುವ ಕೇಂದ್ರೀಯ ಕಾರ್ಮಿಕ ಸಂಸ್ಥೆ ಪ್ರಮುಖವಾದುದು. 1945ರಲ್ಲಿ ಕಾರ್ಖಾನೆಗಳ ಮುಖ್ಯ ಸಲಹೆಗಾರರ ಕಚೇರಿಯಾಗಿ ಹುಟ್ಟಿ, ಮುಂದೆ ಮಹಾನಿರ್ದೇಶನಾಲಯವಾಗಿ ಬೆಳೆದ ಇಲಾಖೆಯ ಅಂಗವಾದ ಇದಕ್ಕೆ ಕೋಲ್ಕತ್ತ, ಚೆನ್ನೈ, ಕಾನ್ಪುರ, ಫರೀದಾಬಾದ್‌ಗಳಲ್ಲಿ ಪ್ರಾದೇಶಿಕ ಸಂಸ್ಥೆಗಳಿದ್ದು, ಇಲ್ಲಿ ದೊರೆಯುವ ಒಂದು ವರ್ಷದ ಡಿಪ್ಲೊಮಾ ಸುರಕ್ಷತಾ ಅಧಿಕಾರಿಯಾಗಲು ಬೇಕಾದ ಅರ್ಹತೆಯನ್ನು ಕೊಡುತ್ತದೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯು 500 ಮಂದಿ ದುಡಿಯುವ ಸೈಟಿಗೆ ಇಂತಹ ಅಧಿಕಾರಿಯನ್ನು ಕಡ್ಡಾಯಗೊಳಿಸಿತ್ತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿತು.

ಇಂತಹ ತರಬೇತಿಯ ವಿಷಯಗಳಲ್ಲಿ ಬಹಳ ಹೊತ್ತು ನಿಂತು ನೋಡಬೇಕಾದದ್ದು ಎತ್ತರದ ಕೆಲಸದ ಪಾಠ. ಹೆಗಲು, ಎದೆ, ತೊಡೆಗಳನ್ನು ಸುತ್ತುವ ಪಟ್ಟಿಗಳ ಹಾರ್ನೆಸ್ಸನ್ನು, ಅಂದರೆ ಸೈಟಿನಲ್ಲಿ ಬರಿದೆ ಬೆಲ್ಟ್ ಎನಿಸಿಕೊಳ್ಳುವ ಸಾಧನವನ್ನು, ತೊಟ್ಟ ಮಾತ್ರಕ್ಕೆ ಕಾರ್ಮಿಕ ಸುರಕ್ಷಿತನೆಂಬ ನಂಬಿಕೆಯನ್ನು ಒಂದು ಸಣ್ಣ ಕೂಡುವ ಲೆಕ್ಕ ಅಲುಗಾಡಿಸುತ್ತದೆ. ಬೆನ್ನಿನ ಬಳೆಯಿಂದ ಆಧಾರಕ್ಕೆ ಕಟ್ಟಿದ ಹಗ್ಗ 2 ಮೀಟರ್. ಬೀಳುವಿಕೆಯ ಹೊಡೆತವನ್ನು ಹೀರಲು ಬಿಚ್ಚಿಕೊಳ್ಳುವ ಮಡಿಕೆಪಟ್ಟಿ ಹೆಚ್ಚೆಂದರೆ 1.75 ಮೀಟರ್, ಬಳೆಯಿಂದ ಪಾದದವರೆಗೆ ಸುಮಾರು 1.5 ಮೀಟರ್, ಪಾದದ ಕೆಳಗೆ ಸುರಕ್ಷತೆಗೆಂದು ಇನ್ನೊಂದು ಮೀಟರಿನಷ್ಟು ಅಂತರ. ಹೀಗೆ, ಆಧಾರದಿಂದ ಕೆಳಗೆ 6 ಮೀಟರಿಗೂ ಮಿಕ್ಕಿ ಬರಿಯ ಜಾಗವಿರಬೇಕು. ಮೊದಲ ಅಂತಸ್ತಿನ ಸ್ಲ್ಯಾಬಿನ ಅಂಚಿನಲ್ಲಿ, ನೆಲದಿಂದ 3 ಮೀಟರ್ ಮೇಲೆ, ಕಾಲ ಬಳಿಯ ಕಂಬಿಗೆ ಕೊಕ್ಕೆ ಹಾಕಿಕೊಂಡವನನ್ನು ಹಗ್ಗ ಬಿಗಿಯುವ ಮೊದಲೇ ನೆಲ ತಡೆಯುತ್ತದೆ. ಅದೇ ಆಧಾರ ತಲೆಯ ಮೇಲಿದ್ದರೆ ಬೀಳುವ ದೂರವೂ ಹೊಡೆತವೂ ಬಹಳ ಕುಗ್ಗುತ್ತವೆ. ಅಷ್ಟು ತಗ್ಗಿನ ಅಂಚಿಗಾದರೆ ಬೆಲ್ಟಿಗಿಂತ ಗಟ್ಟಿ ಕಟಕಟೆಯೇ ಮೇಲು. ಹಗ್ಗ ಹಿಡಿದರೂ ಪಾಠ ಮುಗಿಯುವುದಿಲ್ಲ: ಅಲುಗಾಡದೆ ತೂಗುವವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದಾದುದರಿಂದ, ಅವನನ್ನು ಇಳಿಸುವವರು ಯಾರು, ಯಾವ ಏಣಿಯಿಂದ ಎಂಬುದು ಕೆಲಸಕ್ಕೆ ಮೊದಲೇ ನಿರ್ಧಾರವಾಗಿರಬೇಕು.

ಈ ಲೆಕ್ಕ ನಿಜವಾಗಿ ಸಲ್ಲಬೇಕಾದದ್ದು ನಕ್ಷೆ ಬರೆಯುವವರ ಮೇಜಿಗೆ. ಕೊಕ್ಕೆ ಸಿಕ್ಕಿಸುವ ಬಳೆಗಳನ್ನು ಕಾಂಕ್ರೀಟ್ ಸುರಿಯುವಾಗಲೇ ಕಂಬಗಳಲ್ಲಿ ಹುದುಗಿಸುವುದು, ಅಂಚಿನ ತಡೆಗೋಡೆಯನ್ನು ಆದಷ್ಟು ಮೊದಲೇ ಕಟ್ಟುವುದು ವಿನ್ಯಾಸಕಾರನ ಕೈಯಲ್ಲಿರುವ ಮಾತು. ಆದರೆ ಸಿವಿಲ್ ಎಂಜಿನಿಯರಿಂಗ್ ಪದವಿಯ ಶಿಕ್ಷಣ ಕಟ್ಟಡ ಮುಗಿದ ಮೇಲೆ ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಕೊಡುವ ಗಮನವನ್ನು, ಕಟ್ಟುವಾಗ ಜನ ಎಲ್ಲಿ ನಿಲ್ಲುತ್ತಾರೆ ಎಂಬುದಕ್ಕೆ ಕೊಟ್ಟಿಲ್ಲ.

ಬೆಂಗಳೂರಿನ ಸೈಟುಗಳಲ್ಲಿ ಈ ಕೊರತೆಗೆ ಮತ್ತೊಂದು ಮುಖವಿದೆ. ಟೂಲ್‌ಬಾಕ್ಸ್ ಟಾಕ್, ಅಂದರೆ ದಿನದ ಕೆಲಸಕ್ಕೆ ಮೊದಲು ಕಾರ್ಮಿಕರನ್ನು ಕೂಡಿಸಿ ಅಂದಿನ ಅಪಾಯಗಳನ್ನು ತಿಳಿಸುವ ಕಿರುಮಾತು, ಯಾದಗಿರಿ, ರಾಯಚೂರುಗಳ ಕನ್ನಡಿಗರನ್ನೂ ಬಿಹಾರ, ಒಡಿಶಾ, ಬಂಗಾಳಗಳವರನ್ನೂ ಏಕಕಾಲಕ್ಕೆ ಮುಟ್ಟಬೇಕಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಇದು ನಡೆಯುತ್ತದೆ. ಮೇಸ್ತ್ರಿಯೊಬ್ಬನೇ ನಡೆಸುವ ಮೂರಂತಸ್ತಿನ ಮನೆಯ ಕೆಲಸದಲ್ಲಿ, ಕಾರ್ಮಿಕರ ಸಂಖ್ಯೆ ಕಾನೂನಿನ ಮಿತಿಯ ಹತ್ತಿರವೂ ಸುಳಿಯದ ಕಡೆ, ಆ 6 ಮೀಟರಿನ ಲೆಕ್ಕವನ್ನು ಹೇಳಲು ಇನ್ನೂ ಯಾರನ್ನೂ ನೇಮಿಸಿಲ್ಲ.